ನಾಲೆ ಏರಿ ಮೇಲೆ ಸೈಕಲ್‌ನವರು ಎಲ್ಲಿಗೆ ಇಳಿಯಬೇಕು?

ಮಾನ್ಯರೇ,

ಕಳೆದ ವಾರ ಬೆಳಿಗ್ಗೆ ಪಾಂಡವಪುರದ ಕಡೆಯಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಕಾರಲ್ಲಿ ಬರ್ತಿದ್ದೆ. ಮುಂದೆ ಹೈಸ್ಕೂಲ್ ಯೂನಿಫಾರ್ಮ್ ಹಾಕಿದ್ದ ಒಬ್ಬ ಹುಡುಗಿ ಸೈಕಲ್ ತುಳಿಯುತ್ತಿದ್ದಳು. ನನ್ನ ಹಿಂದಿದ್ದ ಕಾರಿನವರು ನನ್ನನ್ನು ದಾಟಿ, ಅವಳ ಬೆನ್ನಿಗೇ ಹೋಗಿ ಉದ್ದಕ್ಕೆ ಹಾರ್ನ್ ಹೊಡೆದರು. ಅವಳು ಗಾಬರಿಯಾಗಿ ಡಾಂಬರು ಬಿಟ್ಟು ಇಳಿದಳು. ಅಲ್ಲಿ ಡಾಂಬರಿನ ಅಂಚು ಮಣ್ಣಿಗಿಂತ ಅರ್ಧ ಗೇಣು ಎತ್ತರ. ಮುಂದಿನ ಚಕ್ರ ಜಲ್ಲಿಗೆ ಸಿಕ್ಕಿ ಹ್ಯಾಂಡಲ್ ತಿರುಗಿಕೊಂಡಿತು, ಒಂದು ಕಾಲೂರಿ ಹೇಗೋ ನಿಂತಳು. ಅಲ್ಲಿಂದ ನೀರಿಗೆ ನಾಲ್ಕೇ ಹೆಜ್ಜೆ, ತಡೆಗೋಡೆ ಇಲ್ಲ. ಕ್ಯಾರಿಯರ್‌ನಿಂದ ಬಿದ್ದ ಬ್ಯಾಗ್ ಎತ್ತಿಕೊಟ್ಟೆ. "ಏನಾಗಿಲ್ಲ ಅಂಕಲ್, ದಿನಾ ಹಿಂಗೇ" ಅಂದಳು. ಆ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ.

ಇದೇ ನಾಲೆಗೆ 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ ಬಿದ್ದು 30 ಜನ ಸತ್ತರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ನಮ್ಮ ಕಡೆಯವರು ಯಾರೂ ಅದನ್ನು ಮರೆತಿಲ್ಲ. ಆದರೂ ಸ್ಟೀರಿಂಗ್ ಹಿಡಿದ ತಕ್ಷಣ ಅದೆಲ್ಲ ಎಲ್ಲಿ ಹೋಗುತ್ತೋ!

ಒಂದು ಲೆಕ್ಕ ಹೇಳ್ತೀನಿ. ಹಳ್ಳಿಯ ಒಂಟಿ ರಸ್ತೆಗೆ ಡಾಂಬರು ಹಾಕುವ ಅಗಲ ಸಾಮಾನ್ಯವಾಗಿ 3.75 ಮೀಟರ್. ಒಂದು ಕಾರು ಸುಮಾರು 1.7 ಮೀಟರ್ ಹಿಡಿಯುತ್ತದೆ. ಎದುರಿಂದ ಇನ್ನೊಂದು ಕಾರು ಬಂದರೆ ಉಳಿಯುವುದು ಒಂದು ಮೊಳಕ್ಕೂ ಕಡಿಮೆ, ಅಷ್ಟರಲ್ಲಿ ಸೈಕಲ್ಲಿನ ಹ್ಯಾಂಡಲ್ ಕೂಡ ಹಿಡಿಯೋದಿಲ್ಲ. ಅಂದರೆ ಎದುರಿನ ಗಾಡಿ ಹೋಗುವವರೆಗೆ ಹಿಂದಿನವರು ಕಾಯಲೇಬೇಕು, ಬೇರೆ ದಾರಿಯೇ ಇಲ್ಲ. ಎಷ್ಟು ಹೊತ್ತು ಹೇಳಿ? ಹೆಚ್ಚೆಂದರೆ ಹತ್ತು ಸೆಕೆಂಡು. ಹಾರ್ನ್ ಬೇಕಾದರೆ ಸ್ವಲ್ಪ ದೂರದಲ್ಲೇ ಒಂದು ಸಲ ಮೆಲ್ಲಗೆ ಒತ್ತಿ, ಪಕ್ಕಕ್ಕೆ ಬಂದ ಮೇಲೆ ಬೇಡ.

ಕಬ್ಬಿನ ಕಾಲದಲ್ಲಂತೂ ಕಷ್ಟ ಇನ್ನೂ ಜಾಸ್ತಿ. ಎರಡು ಟ್ರೈಲರ್ ಕಟ್ಟಿಕೊಂಡು, ಎರಡೂ ಕಡೆ ಕಬ್ಬು ಚಾಚಿಕೊಂಡು ಬರುವ ಟ್ರ್ಯಾಕ್ಟರ್‌ಗೆ ಹಿಂದೆ ಲೈಟೂ ಇರೋದಿಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇರೋದಿಲ್ಲ. ಟ್ರ್ಯಾಕ್ಟರ್ ಮುಂದೆ ಹೋಯಿತು ಅಂತ ಸೈಕಲ್‌ನವರು ರಸ್ತೆಗೆ ಬರುವಷ್ಟರಲ್ಲಿ ಎರಡನೇ ಟ್ರೈಲರ್‌ನ ಕಬ್ಬು ಭುಜಕ್ಕೆ ಬಡಿಯುತ್ತದೆ.

ಸೈಕಲ್‌ನವರಿಗೂ ಒಂದು ಮಾತು. ಮಾತಾಡುತ್ತಾ ಮೂರು ಜನ ಸಾಲಾಗಿ ಪಕ್ಕಪಕ್ಕದಲ್ಲಿ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಮಬ್ಬುಗತ್ತಲಲ್ಲಿ ಹಾಲು ಹಾಕಲು ಡೇರಿಗೆ ಹೋಗುವ ಹಿರಿಯರು ಹಿಂದಿನ ಮಡ್‌ಗಾರ್ಡ್‌ಗೆ ಕೆಂಪು ರಿಫ್ಲೆಕ್ಟರ್ ಹಾಕಿಸಿಕೊಳ್ಳಲಿ, ದುಬಾರಿ ಏನಲ್ಲ. ಆದರೆ ತಪ್ಪು ಸಮಸಮ ಅಂತ ನಾನು ಹೇಳುವುದಿಲ್ಲ. ಟನ್ ತೂಕದ ಗಾಡಿಯಲ್ಲಿ ಕೂತವರದೇ ಜವಾಬ್ದಾರಿ ಜಾಸ್ತಿ, ಅಲ್ವಾ?

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ, ಬಸ್ಸಿಲ್ಲದ ಊರುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲು ಹತ್ತಿರವಾಯಿತು. ಸೈಕಲ್ ಬಂತು, ರಸ್ತೆಯಲ್ಲಿ ಅದಕ್ಕೆ ಜಾಗ ಬರಲಿಲ್ಲ. ಡಾಂಬರು ಹಾಕಿ ಹೋದವರು ಅಂಚಿಗೆ ಮಣ್ಣು ತುಂಬಿ ಗಟ್ಟಿ ಮಾಡಿಕೊಡಲಿ. ನಾಲೆ ಬದಿಯಲ್ಲಿ ಉಳಿದ ಕಡೆಗೂ ತಡೆಗೋಡೆ ಬರಲಿ.

ನಮ್ಮೂರ ಹೈಸ್ಕೂಲು ಬಿಡುವುದು ಸಂಜೆ ನಾಲ್ಕೂವರೆಗೆ. ಆ ಹೊತ್ತಲ್ಲಿ ನಾಲೆ ಏರಿ ಮೇಲೆ ಬರುವವರು ದಯವಿಟ್ಟು ನಿಧಾನಕ್ಕೆ ಬನ್ನಿ.

ಇತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಓದುಗ