ಆಡಿದ್ದು ಒಂದೇ ವಿಶ್ವಕೂಟ, ತಂದದ್ದು ಬೆಳ್ಳಿ

ಬೆಲ್‌ಗ್ರೇಡ್

ಚಿ. ಪುಟ್ಟಿಗೆ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ಪದಕಪಟ್ಟಿ ನೋಡಿದೆ. 19 ವರ್ಷದೊಳಗಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ವಿಶ್ವಕೂಟದ 2005ರ ಬೆಳ್ಳಿಯನ್ನು ಸರ್ಬಿಯಾದ ಖಾತೆಗೆ ಬರೆದಿದ್ದೀಯ. ಅಳಿಸಿಬಿಡು. ಆ ವರ್ಷ ಟ್ಯೂನಿಸ್‌ನಲ್ಲಿ ಅಮೆರಿಕದ ಹಿಂದೆ, ರಷ್ಯಾದ ಮುಂದೆ ನಿಂತ ತಂಡದ ಹೆಸರು ‘ಸರ್ಬಿಯಾ ಮತ್ತು ಮಾಂಟೆನೆಗ್ರೊ’. ಸರ್ಬಿಯಾದ ಸ್ವಂತ ಹೆಸರಿಗೆ ಬರುವುದು 2007ರ ಬ್ರಾಟಿಸ್ಲಾವಾ ಕೂಟದ ಕಂಚು.

ಹಳೆ ಪಟ್ಟಿಗಳಲ್ಲಿ ಎಸ್‌ಸಿಜಿ ಅಂತ ಕಂಡರೆ ಅದೇ ತಂಡ. ಮಾಂಟೆನೆಗ್ರೊಗೆ ಇಲ್ಲಿನ ಭಾಷೆಯಲ್ಲಿ ತ್ಸರ್ನಾ ಗೋರಾ (Crna Gora), ಅಂದರೆ ಕರಿಬೆಟ್ಟ. ಅದಕ್ಕೇ ಸಂಕೇತದಲ್ಲಿ ‘ಎಂ’ ಇಲ್ಲ.

ಆ ಹೆಸರು ಬಾಳಿದ್ದು ಮೂರು ವರ್ಷ ನಾಲ್ಕು ತಿಂಗಳು ಮಾತ್ರ. 2003ರ ಫೆಬ್ರವರಿ 4ಕ್ಕೆ ಯುಗೋಸ್ಲಾವಿಯಾ ಹೆಸರು ಹೋಗಿ ಇದು ಬಂತು. 2006ರ ಜೂನ್ 3ಕ್ಕೆ ಮಾಂಟೆನೆಗ್ರೊ ಬೇರೆಯಾಯಿತು. ಈ ವಿಶ್ವಕೂಟ ಆಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು: 2001, ಆಮೇಲೆ 2005. 2005ರಿಂದೀಚೆಗೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ಆ ಹೆಸರಿಗೆ ಸಿಕ್ಕಿದ್ದು ಒಂದೇ ಕೂಟ.

ದೇಶ ಒಡೆದ ದಿನವನ್ನೇ ಗೆರೆ ಮಾಡಿಕೊಂಡು ಹೆಸರು ಬದಲಿಸಿದರೂ ತಪ್ಪುತ್ತೀಯ. 2006ರ ಆಗಸ್ಟ್‌ನಲ್ಲಿ ಶುರುವಾದ ಜಪಾನಿನ ಪುರುಷರ ವಿಶ್ವಕೂಟದಲ್ಲಿ, ದೇಶವೇ ಇಲ್ಲದಿದ್ದರೂ, ತಂಡ ಆಡಿದ್ದು ಹಳೆ ಹೆಸರಿನಲ್ಲೇ. ಕೂಟದಲ್ಲಿ ಜಾಗ ಸಿಕ್ಕಿದ್ದು ಆ ಹೆಸರಲ್ಲಿ ತಾನೆ. ಆದ್ದರಿಂದ 2006ರ ಯಾವ ಕೂಟವಾದರೂ ಒಂದೊಂದನ್ನೂ ಬಿಡಿಯಾಗಿ ನೋಡಿ ಬರೆ. ಒಡೆದ ಮೇಲೆ ವಿಶ್ವ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿ ಹಳೆ ಸ್ಥಾನ ಸರ್ಬಿಯಾಕ್ಕೆ ಉಳಿಯಿತು, ಮಾಂಟೆನೆಗ್ರೊ ಹೊಸ ಸದಸ್ಯನಾಗಿ ಸೇರಬೇಕಾಯಿತು.

ವಯಸ್ಸಿನ ಲೆಕ್ಕದಲ್ಲೂ ಎಡವಿದ್ದೀಯ. ನೋಡುವುದು ಹುಟ್ಟಿದ ಇಸವಿ, ಕೂಟದ ದಿನದ ವಯಸ್ಸಲ್ಲ. 2005ಕ್ಕೆ ಗಡಿ 1986ರ ಜನವರಿ 1. ಅವತ್ತು ಹುಟ್ಟಿದವಳಿಗೆ ಟ್ಯೂನಿಸ್‌ಗೆ ಹೋಗುವ ಹೊತ್ತಿಗೆ 19 ತುಂಬಿರುತ್ತದೆ, ಆದರೂ ಆಡಬಹುದು. ಹಿಂದಿನ ದಿನ ಹುಟ್ಟಿದವಳು ಹೊರಗೆ. ಈಗ ಆ ಹುಡುಗಿಯ ದೇಶ ಎಣಿಸು: 16 ತುಂಬಿದ ವರ್ಷ ಯುಗೋಸ್ಲಾವಿಯಾ, 19ಕ್ಕೆ ಸರ್ಬಿಯಾ ಮತ್ತು ಮಾಂಟೆನೆಗ್ರೊ, 21ಕ್ಕೆ ಸರ್ಬಿಯಾ ಅಥವಾ ಮಾಂಟೆನೆಗ್ರೊ. ಮನೆ ಮಾತ್ರ ಬದಲಾಗಿಲ್ಲ.

1992ರಿಂದ 1994ರವರೆಗೆ ಪಟ್ಟಿಯಲ್ಲಿ ಯುಗೋಸ್ಲಾವಿಯಾ ಕಾಣದಿದ್ದರೆ ನಿನ್ನ ತಪ್ಪಲ್ಲ. 1992ರ ಮೇ 30ರ ವಿಶ್ವಸಂಸ್ಥೆ ನಿರ್ಬಂಧ ಕ್ರೀಡೆಗೂ ತಾಗಿತ್ತು. ಹಿರಿಯರ ತಂಡ ಮೂರು ವರ್ಷ ಕಾದು ಮತ್ತೆ ಆಡಬಹುದು, ಕಿರಿಯರಿಗೆ ಅದಾಗದು. 1992ರಲ್ಲಿ 16 ಇದ್ದವಳಿಗೆ ಬಾಗಿಲು ತೆರೆಯುವಷ್ಟರಲ್ಲಿ 19 ಆಗಿತ್ತು. ಒಂದಿಡೀ ಪೀಳಿಗೆಗೆ ದಾಖಲೆಯೇ ಇಲ್ಲ. ನನ್ನ ಮಟ್ಟಿಗೆ, ದೇಶ ಒಡೆದದ್ದಕ್ಕಿಂತ ಈ ಆಟಕ್ಕೆ ದೊಡ್ಡ ಪೆಟ್ಟು ಅದೇ.

ಹುಟ್ಟೂರು ನೋಡಿ ತಂಡ ಊಹಿಸುವುದನ್ನೂ ಬಿಡು. 2015ರ ಯೂರೋಪ್ ಕೂಟದ ಫೈನಲ್‌ನಲ್ಲಿ ಸರ್ಬಿಯಾ ಫ್ರಾನ್ಸನ್ನು 76–68ರಿಂದ ಸೋಲಿಸಿದಾಗ ಕೂಟದ ಅತ್ಯುತ್ತಮ ಆಟಗಾರ್ತಿ ಆನಾ ದಾಬೊವಿಚ್. ಹುಟ್ಟಿದ್ದು ಮಾಂಟೆನೆಗ್ರೊದ ತ್ಸೆಟಿನ್ಯೆಯಲ್ಲಿ.

ನಮ್ಮೂರಿಗೂ ಒಂದು ಎಳೆ ಇದೆ, ಟಿಪ್ಪಣಿಯಲ್ಲಿ ಸೇರಿಸು. 2017ರಲ್ಲಿ ಕಂಠೀರವ ಒಳಾಂಗಣದಲ್ಲಿ ಭಾರತದ ಹೆಂಗಸರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಮೇಲಿನ ವಿಭಾಗಕ್ಕೆ ಏರಿದರಲ್ಲ, ಆಗಿನ ಕೋಚ್ ಜೊರಾನ್ ವಿಸಿಚ್ ಸರ್ಬಿಯಾದವರು.

ಪಟ್ಟಿಯಲ್ಲಿ ಯುಗೋಸ್ಲಾವಿಯಾ, ಸರ್ಬಿಯಾ ಮತ್ತು ಮಾಂಟೆನೆಗ್ರೊ, ಸರ್ಬಿಯಾ, ಮಾಂಟೆನೆಗ್ರೊ ಅಂತ ನಾಲ್ಕು ಸಾಲು ಬೇರೆ ಬೇರೆ ಇಡು, ಮೊತ್ತ ಕೂಡಿಸಬೇಡ. ತಿದ್ದಿ ಕಳಿಸು, ನೋಡುತ್ತೇನೆ. ಅಜ್ಜಿಗೆ ನಮಸ್ಕಾರ ಹೇಳು.

ಇತಿ,
ಚಿಕ್ಕಪ್ಪ