ಎತ್ತದ ಫೋನಿನ ಬಗ್ಗೆ, ಮಗಳಿಗೆ

ಗಂಗಾವತಿ

ಪ್ರೀತಿಯ ಮಗಳೇ,

ಕರ್ತನಾದ ಯೇಸುವಿನ ಹೆಸರಿನಲ್ಲಿ ವಂದನೆ. ಮನೆ ಸುದ್ದಿಯೆಲ್ಲ ನಿಮ್ಮಮ್ಮ ದಿನಾ ಹೇಳುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಎರಡು ಸಾಲು ಇತ್ತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ, ಕರ್ತ ಬಂದು ನಿಮ್ಮನ್ನೆಲ್ಲ ಕರ್ಕೊಂಡು ಹೋದ, ನಾನೊಬ್ಬಳೇ ಉಳಿದೆ ಅಂದುಕೊಂಡು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತೆ ಅಂತ. ತಮಾಷೆಯ ಹಾಗೆ ಬರೆದಿದ್ದೀಯ. ನನಗೆ ನಗು ಬರಲಿಲ್ಲ.

ಆವತ್ತು ನಾವು ಮದುವೆ ಊಟಕ್ಕೆ ಹೋಗಿದ್ದೆವು. ಬ್ಯಾಂಡಿನ ಗದ್ದಲದಲ್ಲಿ ಫೋನ್ ಕೇಳಿಸಲಿಲ್ಲ, ಅಷ್ಟೇ. ಆದರೆ ಅಷ್ಟೇ ಅಂದರೆ ನಿನ್ನ ಭಯ ಹೋಗಲ್ಲ, ಗೊತ್ತು.

ಉಜ್ಜೀವನ ಕೂಟದಲ್ಲಿ, ಆ ಭಕ್ತಿ ಹುರಿದುಂಬಿಸುವ ಸಭೆಯಲ್ಲಿ, ನೀನು ಕೇಳಿ ಬಂದದ್ದು ಬೈಬಲಿನಲ್ಲಿ ಅಪೊಸ್ತಲ ಪೌಲ ಥೆಸಲೋನಿಕ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯ. ಮೋಡಗಳಲ್ಲಿ ಎತ್ತಲ್ಪಡುವ ಮಾತು ಅಲ್ಲಿದೆ, ಇಲ್ಲ ಅನ್ನಲ್ಲ. ಆದರೆ ಪೌಲ ಅದನ್ನು ಯಾಕೆ ಬರೆದ ನೋಡು ತಾಯಿ. ಥೆಸಲೋನಿಕದ ಆ ಸಭೆಯಲ್ಲಿ ಕೆಲವರು ತೀರಿಹೋಗಿದ್ದರು. ಕರ್ತ ಬರುವಾಗ ನಮ್ಮವರು ತಪ್ಪಿಹೋದರೆ ಏನು ಗತಿ ಅಂತ ಉಳಿದವರಿಗೆ ಸಂಕಟ. ಹೆಚ್ಚುಕಮ್ಮಿ ನಿನ್ನದೇ ಭಯ. ಇಲ್ಲ, ಸತ್ತವರು ಮೊದಲು ಏಳುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ ಅಂತ ಅವನು ಹೇಳಿದ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿ ಅಂತ ಮುಗಿಸಿದ. ಸಂತೈಸೋಕೆ ಬರೆದದ್ದನ್ನು ಮೈಕ್ ಹಿಡಿದು ಮಕ್ಕಳನ್ನು ಹೆದರಿಸೋಕೆ ಬಳಸಿದರೆ ನನಗೆ ಸಿಟ್ಟು ಬರುತ್ತದೆ. ವಯಸ್ಸಾದ ಮೇಲೆ ಸಿಟ್ಟು ಜಾಸ್ತಿಯೇ, ಇರಲಿ.

ಮೊದಲು ಗುಟ್ಟಾಗಿ ಭಕ್ತರನ್ನು ಎತ್ತಿಕೊಳ್ಳುತ್ತಾನೆ, ಉಳಿದವರು ಲೋಕದ ಕಡೇ ಕಾಲದ ಮಹಾಸಂಕಟಕ್ಕೆ ಸಿಗುತ್ತಾರೆ, ಆಮೇಲೆ ಎಲ್ಲರ ಕಣ್ಣೆದುರು ಬರುತ್ತಾನೆ ಅನ್ನುವ ಲೆಕ್ಕವನ್ನು ಹರಡಿದವರು ಜಾನ್ ನೆಲ್ಸನ್ ಡಾರ್ಬಿ ಅನ್ನುವ ಬೋಧಕರು, 1830ರ ಸುಮಾರಿಗೆ. ನಮ್ಮ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್‌ಗೆ ದುಡಿಯುತ್ತಿದ್ದ ಕಾಲವೂ ಅದೇ. ಇಡೀ ಬೈಬಲ್ 1831ರಲ್ಲಿ ಹೊರಬಂತು. ಡಾರ್ಬಿಯವರ ಲೆಕ್ಕ ಊರೂರಿಗೆ ಮುಟ್ಟಿದ್ದು 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳಿಂದ. ನಂಬುವವರು ನಂಬಲಿ. ಕೆಥೋಲಿಕರು, ಲೂಥರನ್ನರು ಹಾಗೆ ಕಲಿಸುವುದಿಲ್ಲ. ಹಾಗಿದ್ದೂ ಕರ್ತ ಜೀವಿಸುವವರಿಗೂ ಸತ್ತವರಿಗೂ ನ್ಯಾಯ ತೀರಿಸಲು ಬರುತ್ತಾನೆ ಅಂತ ಆರಾಧನೆಯಲ್ಲಿ ಎದ್ದು ನಿಂತು ಹೇಳುವವರೇ ಅವರೂ. ಮನೆ ಖಾಲಿ ಆಗಿದ್ದರೆ ಕರ್ತ ಬಂದುಹೋದ ಅಂತ ಅರ್ಥ ಅಲ್ಲ, ಅಷ್ಟು ನಿನಗೆ ಗೊತ್ತಿರಲಿ ಅಂತ ಹೇಳಿದೆ.

ನಮ್ಮವ್ವನ ನೆನಪಾಯಿತು. ನೀನು ಅವಳನ್ನು ನೋಡಿಲ್ಲ. ರಾತ್ರಿ ಕಾಲು ತೊಳೆದು, ಎಣ್ಣೆ ಹಚ್ಚಿ, ತಲೆ ಬಾಚಿಕೊಂಡೇ ಮಲಗುತ್ತಿದ್ದಳು. ಕರ್ತ ಬಂದರೆ ಕೆದರಿದ ತಲೆಯಲ್ಲಿ ಹೋಗಲೇನು ಅನ್ನುತ್ತಿದ್ದಳು. ಬಾಚಣಿಗೆಗೆ ಬಂದ ಕೂದಲನ್ನು ಮಾತ್ರ ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು, ಕೂದಲಿಗೆ ಪಾತ್ರೆ ಕೊಡುವವಳು ಬಂದರೆ ಹಾಕೋಣ ಅಂತ. ಈ ರಾತ್ರಿ ಕರ್ತ ಬರಬಹುದು, ಬರದಿದ್ದರೆ ಪಾತ್ರೆಯವಳು ಬರುತ್ತಾಳೆ! ಅವಳಿಗೂ ನಿನ್ನ ಹಾಗೆ ಭಯ ಇತ್ತಾ, ಇಲ್ಲ ಸಂತೋಷವಾ, ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಇವತ್ತು ನಿನಗೆ ಹೇಳೋಕೆ ಒಂದು ಮಾತು ಇರುತ್ತಿತ್ತು. ನಾನು ಓದಿದ್ದು ಜಾಸ್ತಿ, ಅವಳ ಹತ್ತಿರ ಕೂತದ್ದು ಕಮ್ಮಿ.

ನಿದ್ದೆ ಬರ್ತಿಲ್ಲ ಅಂದಿದ್ದೀಯ. ಮತ್ತಾಯನ ಸುವಾರ್ತೆ 25ನೇ ಅಧ್ಯಾಯದ ಹತ್ತು ಕನ್ಯೆಯರ ಕಥೆ, ಮದುಮಗನಿಗೆ ಕಾಯುತ್ತಿದ್ದವರಲ್ಲಿ ದೀಪಕ್ಕೆ ಎಣ್ಣೆ ತರದ ಐವರು ಮದುವೆಮನೆಯ ಹೊರಗೆ ಉಳಿದರಲ್ಲ, ಅದನ್ನು ಹೇಳಿಯೇ ನಿನ್ನನ್ನು ಹೆದರಿಸಿರುತ್ತಾರೆ. ಬಾಗಿಲು ಮುಚ್ಚಿದ್ದು ನಿಜ, ಅದನ್ನು ನಾನು ಅಳಿಸೋಕಾಗಲ್ಲ. ಆದರೆ ಮದುಮಗ ತಡಮಾಡಿದಾಗ ಹತ್ತೂ ಜನ ತೂಕಡಿಸಿ ಮಲಗಿದರು, ಬುದ್ಧಿವಂತೆಯರೂ ಸೇರಿ. ಮಲಗಿದ್ದಕ್ಕೆ ಯಾರನ್ನೂ ಹೊರಗೆ ಹಾಕಲಿಲ್ಲ. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದವಳು ಮಲಗಬೇಕು, ಅಲ್ವಾ?

ಭಾನುವಾರ ಡ್ಯೂಟಿ ಬಿದ್ದು ಆರಾಧನೆ ತಪ್ಪುತ್ತದೆ, ಅದಕ್ಕೇ ಕರ್ತ ನನ್ನನ್ನು ಬಿಟ್ಟುಬಿಡುತ್ತಾನೆ ಅಂತ ಬೇರೆ ಅನಿಸಿದೆ ನಿನಗೆ. ಅದೇ ಅಧ್ಯಾಯವನ್ನು ಮುಂದೆ ಓದು. ರೋಗದಲ್ಲಿದ್ದೆ, ನನ್ನನ್ನು ನೋಡಿಕೊಂಡಿರಿ ಅನ್ನುತ್ತಾನೆ ನ್ಯಾಯ ತೀರಿಸಲು ಅರಸನಾಗಿ ಬಂದ ಕರ್ತ. ಅವನು ಬಲಗಡೆ ನಿಲ್ಲಿಸಿದ ನೀತಿವಂತರಿಗೆ ಆಶ್ಚರ್ಯ, ಯಾವಾಗ ಸ್ವಾಮಿ ಅಂತಾರೆ. ಅವರು ಲೆಕ್ಕ ಇಟ್ಟಿರಲೇ ಇಲ್ಲ. ನೀನು ಬೆಡ್‌ಪ್ಯಾನ್ ತೊಳೆಯುವಾಗ ಲೆಕ್ಕ ಇಡ್ತೀಯಾ?

2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ, ಇದೂ ಕಡೇ ದಿನಗಳ ಗುರುತು ಅಂದವರು ಇದ್ದರು. ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ತಾತ್ಕಾಲಿಕ ಅಡ್ಡತಡೆ, ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ನಮ್ಮ ಕಡೆ ಭತ್ತಕ್ಕೆ ನೀರು ಬಂತು. ಆ ದಿನ, ಆ ಗಳಿಗೆ ತಂದೆಗೆ ಹೊರತು ಮಗನಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿರುವಾಗ, ಗೇಟು ನೋಡಿ ಇವರಿಗೆ ಹೇಗೆ ಗೊತ್ತಾಯಿತೋ.

ಬುದ್ಧಿ ಹೇಳೋಕೆ ನನಗೆ ಬರಲ್ಲ. ಆ ಕೂಟದವರ ವಾಟ್ಸಾಪ್ ಗ್ರೂಪು ಸ್ವಲ್ಪ ದಿನ ಮ್ಯೂಟ್ ಮಾಡಿಡು, ಬಿಡು ಅಂತ ಹೇಳ್ತಿಲ್ಲ. ಮತ್ತೆ ಎದೆ ಢವಢವ ಅಂದರೆ ಪಕ್ಕದ ಮನೆಗೆ ಮಾಡು, ಅವರು ಸಾಬರು, ಯಾವಾಗಲೂ ಎತ್ತುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಆಸ್ಪತ್ರೆಯಲ್ಲೇ ಡಾಕ್ಟರ್ ಹತ್ತಿರ ಹೇಳಿಕೋ, ಅದರಲ್ಲಿ ಅವಿಶ್ವಾಸ ಏನೂ ಇಲ್ಲ. ತಿಂಗಳಿಗೆ ಒಂದು ಭಾನುವಾರ ರಜೆ ಬೇಕು ಅಂತ ನಿಮ್ಮ ಸಿಸ್ಟರ್ ಇನ್‌ಚಾರ್ಜ್‌ನ ಕೇಳಿ ನೋಡು. ಕೊಡದಿದ್ದರೆ ಜಗಳ ಆಡಬೇಡ, ಬುಧವಾರದ ಪ್ರಾರ್ಥನೆಗೆ ಹೋದರಾಯಿತು.

ನಿನ್ನ
ದೊಡ್ಡಪ್ಪ