ಹಾಲು ಏರಿದಾಗ ಫ್ಯಾಟು ಇಳಿಯುವುದೇಕೆ: ಮಗಳಿಗೊಂದು ಪತ್ರ

ಚಿ. ಸೌ. ಗಿರಿಜಾಳಿಗೆ ರೋಣದಿಂದ ನಿನ್ನ ಅಪ್ಪನ ಅನೇಕ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ದೀಪಾವಳಿ ಅಮಾವಾಸ್ಯೆಗೆ ಈದ ನಿನ್ನ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಜಿಯನ್ ತಳಿಯ) ಆಕಳು ಮೊದಲ ಹದಿನೈದು ದಿನ 4.2 ಫ್ಯಾಟು (ಅಂದರೆ ನೂರು ಪಾಲು ಹಾಲಿನಲ್ಲಿ ಅಷ್ಟು ಪಾಲು ಕೊಬ್ಬು) ಕೊಡುತ್ತಿದ್ದದ್ದು ಎಳ್ಳಮಾವಾಸ್ಯೆಯ ಹೊತ್ತಿಗೆ 3.4ಕ್ಕೆ ಇಳಿಯಿತೆಂದೂ, ಹಿಂಡಿ ಬದಲಿಸಬೇಕೆಂದು ಮನೆಯಲ್ಲಿ ಮಾತು ನಡೆದಿದೆಯೆಂದೂ ಬರೆದಿದ್ದೀಯ. ಅವಸರ ಮಾಡಬೇಡ. ಆ ಎರಡು ಅಮಾವಾಸ್ಯೆಗಳ ನಡುವೆ ಸರಿಯಾಗಿ ಎರಡು ತಿಂಗಳಾಯಿತು; ಆಕಳಿನ ಹಾಲು ತುದಿ ಮುಟ್ಟುವುದು ಈದ ಆರರಿಂದ ಎಂಟನೆಯ ವಾರದಲ್ಲಿ, ಫ್ಯಾಟು ತಳ ಕಾಣುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.

ಇದಕ್ಕೆ ಕಾರಣ ಕೆಚ್ಚಲಿನೊಳಗೇ ಇದೆ. ಅಲ್ಲಿ ತಯಾರಾಗುವ ಹಾಲಿನ ಸಕ್ಕರೆ ರಕ್ತದಿಂದ ನೀರನ್ನು ಎಳೆದುಕೊಳ್ಳುವುದರಿಂದ ಹಾಲಿನ ಅಳತೆ ಹೆಚ್ಚುತ್ತದೆ. ಕೊಬ್ಬಿನ ತಯಾರಿಕೆ ಅಷ್ಟೇ ವೇಗದಲ್ಲಿ ಹೆಚ್ಚುವುದಿಲ್ಲ, ಹೀಗಾಗಿ ಪ್ರತಿ ಲೀಟರಿನ ಪಾಲು ತೆಳುವಾಗುತ್ತದೆ. ನಿನ್ನ ಲೆಕ್ಕವನ್ನೇ ನೋಡು: ಆಗ ದಿನಕ್ಕೆ 10 ಲೀಟರಿಗೆ 4.2ರಂತೆ ಸುಮಾರು 420 ಗ್ರಾಂ ಕೊಬ್ಬು ಬರುತ್ತಿತ್ತು, ಈಗ 15 ಲೀಟರಿಗೆ 3.4ರಂತೆ 510 ಗ್ರಾಂ ಬರುತ್ತಿದೆ. ಡೈರಿಯವರು ಕೊಡುವ ಚೀಟಿಯಲ್ಲಿ ಅಂಕಿ ಇಳಿದಿದ್ದರೂ ಆಕಳು ಕೊಡುತ್ತಿರುವ ಕೊಬ್ಬು ಹೆಚ್ಚೇ ಆಗಿದೆ. ಆಕಳ ಹಾಲಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮಟ್ಟವಾದ 3.2ಕ್ಕಿಂತ ನಿನ್ನದು ಇನ್ನೂ ಮೇಲೆಯೇ ಇದೆ.

ಮೊದಲ ವಾರಗಳ ಆ 4.2ರಲ್ಲಿ ಆಕಳಿನ ಮೈಕೊಬ್ಬಿನ ಪಾಲೂ ಇತ್ತು. ಈದ ಹೊಸದರಲ್ಲಿ ಅದು ತಿನ್ನುವುದು ಕೊಡುವ ಹಾಲಿಗೆ ಸಾಲದೆ, ತನ್ನ ಮೈಯನ್ನೇ ಕರಗಿಸಿ ಹಾಲಿಗೆ ಹಾಕುತ್ತದೆ. ಈದ ಮೇಲೆ ಆಕಳಿನ ಪಕ್ಕೆಲುಬು ಕಾಣತೊಡಗುವುದು ಅದರಿಂದಲೇ. (ಗಿಣ್ಣದ ಮಾತು ಬೇರೆ, ಅದರ ದಪ್ಪಕ್ಕೆ ಮುಖ್ಯ ಕಾರಣ ಪ್ರೋಟೀನು. ಈ ಸಲ ನಮಗೆ ಗಿಣ್ಣ ಕಳಿಸಲಿಲ್ಲವೆಂದು ನಿಮ್ಮವ್ವ ಇನ್ನೂ ಅನ್ನುತ್ತಾಳೆ.) ಇನ್ನು ಮೂರ್ನಾಲ್ಕು ತಿಂಗಳು ಕಳೆದು ಹಾಲು ಕಡಿಮೆಯಾಗುತ್ತ ಬಂದ ಹಾಗೆ ಫ್ಯಾಟು ತಾನಾಗಿ ಮೇಲೇರುತ್ತದೆ, ಬತ್ತಿಸುವ (ಮುಂದಿನ ಈಯುವಿಕೆಗೆ ಮೊದಲು ಹಿಂಡುವುದನ್ನು ನಿಲ್ಲಿಸುವ) ಹೊತ್ತಿಗೆ ನಾಲ್ಕನ್ನೂ ದಾಟಬಹುದು. ಆಗ ಸಂತೋಷಪಡುವ ಮೊದಲು ಕ್ಯಾನಿನಲ್ಲಿ ಎಷ್ಟು ಲೀಟರಿದೆ ಎಂದು ನೋಡಿಕೊ.

ನಿಜವಾಗಿ ನೋಡಬೇಕಾದದ್ದು ಮೇವು. ಹಾಲಿನ ಕೊಬ್ಬಿನ ಸುಮಾರು ಅರ್ಧದಷ್ಟು ಕೆಚ್ಚಲಿನಲ್ಲೇ ತಯಾರಾಗುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಾದ ಅಸಿಟಿಕ್ ಆಮ್ಲ, ನಾರಿನ ಮೇವು ದೊಡ್ಡ ಹೊಟ್ಟೆಯಲ್ಲಿ ಹುದುಗು ಬಂದಾಗ ಹುಟ್ಟುತ್ತದೆ. ನಿಮ್ಮ ಹಾವೇರಿ ಸೀಮೆಯಲ್ಲಿ ಗೋವಿನಜೋಳ ಕೈಗೆಟುಕುತ್ತದೆಂದು ನುಚ್ಚು ಹೆಚ್ಚಿಸಿ ಕಣಿಕೆ (ಜೋಳದ ಒಣದಂಟಿನ ಮೇವು) ಕಡಿಮೆ ಮಾಡಿದ್ದರೆ ಫ್ಯಾಟು ಖಂಡಿತ ಬೀಳುತ್ತದೆ, ಆಕಳು ಮೆಲುಕು ಹಾಕುವುದೂ ಕಡಿಮೆಯಾಗುತ್ತದೆ. ನುಚ್ಚು ತಗ್ಗಿಸಿ ಒಣಮೇವು ಹೆಚ್ಚಿಸು. ಬೇಕಾದರೆ ನಮ್ಮ ಬಿಳಿಜೋಳದ ಕಣಿಕೆಯನ್ನು ಟ್ರ್ಯಾಕ್ಟರಿನಲ್ಲಿ ಕಳಿಸುತ್ತೇನೆ.

ಇನ್ನೊಂದು ತಪ್ಪು ನಾನೇ ಮಾಡಿದ್ದು. ನೀನು ಚಿಕ್ಕವಳಿದ್ದಾಗ, ಹಾಲಿಗೆ ನೀರು ಬೆರೆಸಿದ್ದೇನೆಂದು ಡೈರಿಯಲ್ಲಿ ನಾಲ್ಕು ಜನರೆದುರು ಅನ್ನಿಸಿಕೊಂಡು, ಸಿಟ್ಟಿನಿಂದ ಮೂರು ದಿನ ಹಾಲನ್ನೇ ಹಾಕಲಿಲ್ಲ. ಆಮೇಲೆ ತಿಳಿಯಿತು: ಮೊದಲು ಹಿಂಡಿದ ಹಾಲು ನೀರಾಗಿರುತ್ತದೆ, ಅದರ ಫ್ಯಾಟು ಒಂದೆರಡಕ್ಕಿಂತ ಹೆಚ್ಚಿರುವುದಿಲ್ಲ, ಕಡೆಯ ಹಾಲಿನಲ್ಲಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ. ನಾನು ಕಡೆಯದನ್ನೆಲ್ಲ ಕರುವಿಗೆ ಬಿಟ್ಟು ಮೊದಲಿನದನ್ನು ಡೈರಿಗೆ ಒಯ್ಯುತ್ತಿದ್ದೆ! ಕರುವಿನ ಪಾಲನ್ನು ಮೊದಲೇ ಕುಡಿಸಿ, ಉಳಿದದ್ದನ್ನು ಕೆಚ್ಚಲು ಬರಿದಾಗುವವರೆಗೆ ಹಿಂಡು.

ರಾತ್ರಿಯ ಅಂತರ ದೊಡ್ಡದಾದ್ದರಿಂದ ಬೆಳಗಿನ ಹಾಲು ಹೆಚ್ಚು, ಅದರ ಫ್ಯಾಟು ಕಡಿಮೆ. ಸಂಜೆಯದು ಅದಕ್ಕೆ ತಿರುವುಮುರುವು. ನೀನು ಬರೆದ 3.4 ಯಾವ ಹೊತ್ತಿನದೆಂದು ತಿಳಿಯಲಿಲ್ಲ. ಎರಡೂ ಹೊತ್ತಿನ ಚೀಟಿಗಳನ್ನು ಲೀಟರಿನ ಸಮೇತ ಹತ್ತು ದಿನ ಬರೆದಿಟ್ಟು ಕಳಿಸು. ಹಿಂಡಿಯ ವಿಚಾರ ಆಮೇಲೆ ಮಾಡೋಣ.

ನಿನ್ನ ಅಪ್ಪ